ಹೋಶೇಯ ಕೊಟ್ಟ ಬೆಲೆ

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಕ್ರೈಸ್ತರ ತಪಸ್ಸು ಕಾಲ ನಡೆಯುತ್ತಿರುತ್ತದೆ. ಈಸ್ಟರ್‌ಗೆ ಮುಂಚೆ ಭಾನುವಾರಗಳನ್ನು ಬಿಟ್ಟು 40 ದಿನ. ಉಪವಾಸ, ಪ್ರಾರ್ಥನೆ, ಪಾಪನಿವೇದನೆ ಎಲ್ಲ ಸ್ವಲ್ಪ ಜಾಸ್ತಿ. ಬೇರೆ ಧರ್ಮದ ಗೆಳೆಯರು ಈ ದಿನಗಳಲ್ಲಿ ಕೇಳುವುದುಂಟು: "ಏನು ಮಾಡಿದರೂ ನಿಮ್ಮ ದೇವರು ಕ್ಷಮಿಸುತ್ತಾನೆ, ಅಲ್ವಾ? ಹಾಗಾದರೆ ಪಾಪಕ್ಕೆ ಹೆದರುವವರು ಯಾರು?" ನ್ಯಾಯವಾದ ಪ್ರಶ್ನೆ. ಎಷ್ಟೋ ಕ್ರೈಸ್ತರೂ ಹಾಗೆಯೇ ನಂಬಿಕೊಂಡು ಆರಾಮವಾಗಿದ್ದಾರೆ.

ಉತ್ತರಕ್ಕೆ ಹೆಚ್ಚಿನವರು ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯವನ್ನು (ಆಸ್ತಿ ಹಾಳುಮಾಡಿ ಮರಳಿದ ಮಗನನ್ನು ತಂದೆ ಅಪ್ಪಿಕೊಂಡ ಕಥೆ) ಹೇಳುತ್ತಾರೆ. ನನಗೆ ನೆನಪಾಗುವುದು ಬೈಬಲಿನ ಪ್ರವಾದಿ ಹೋಶೇಯ. ಅವನ ಹೆಸರಿನ ಪುಸ್ತಕವೇ ಅದರಲ್ಲಿದೆ. ಕ್ರಿಸ್ತಪೂರ್ವ 8ನೇ ಶತಮಾನದವನು. ಇಸ್ರಾಯೇಲಿನ ಉತ್ತರ ರಾಜ್ಯ ಅಶ್ಶೂರರ ಕೈಗೆ ಬೀಳುವ ಮುಂಚಿನ ದಿನಗಳು. ಜನ ತಮ್ಮ ದೇವರನ್ನು ಬಿಟ್ಟು ಬಾಳನೆಂಬ ಬೇರೆ ದೇವರ ಪೂಜೆಗೆ ಇಳಿದಿದ್ದರು. ಹೋಶೇಯನ ಮನೆಯ ಪಾಡೂ ಅದೇ. ಹೆಂಡತಿ ಗೋಮೆರ್ ದಾಂಪತ್ಯಕ್ಕೆ ನಿಷ್ಠಳಾಗಿ ಉಳಿಯಲಿಲ್ಲ. (ಅವಳ ಕಡೆಯ ಕಥೆ ಏನೆಂದು ಪುಸ್ತಕ ಹೇಳುವುದಿಲ್ಲ. ಇಂದು ಓದುವಾಗ ಇದು ಕಸಿವಿಸಿಯೇ.) "ಹೋಗು, ಮತ್ತೆ ಅವಳನ್ನು ಪ್ರೀತಿಸು" ಎಂದು ದೇವರು ಹೇಳುತ್ತಾನೆ. ಮೂರನೇ ಅಧ್ಯಾಯದಲ್ಲಿ ಹೋಶೇಯ ಹಣ ಕೊಟ್ಟು ಅವಳನ್ನು ಬಿಡಿಸಿಕೊಳ್ಳುತ್ತಾನೆ. 15 ಶೆಕೆಲ್ (ಆ ಕಾಲದ ತೂಕದ ಅಳತೆ) ಬೆಳ್ಳಿ, ಜೊತೆಗೆ ಜವೆಗೋಧಿ. ಕೈಯಲ್ಲಿ ಅಷ್ಟು ಬೆಳ್ಳಿ ಇರಲಿಲ್ಲವೋ ಏನೋ, ಧಾನ್ಯ ಸೇರಿಸಿ ಲೆಕ್ಕ ತುಂಬಿಸಿದ ಹಾಗಿದೆ.

ನಂಬಿಕೆ ಮುರಿದದ್ದು ಒಬ್ಬರು, ಬೆಲೆ ತೆತ್ತದ್ದು ಇನ್ನೊಬ್ಬರು. ಕ್ರೈಸ್ತರು ಶಿಲುಬೆಯಲ್ಲಿ ನೋಡುವುದೂ ಇದನ್ನೇ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ನಮಗಾಗಿ ಸತ್ತನೆಂದು ಅಪೊಸ್ತಲ ಪೌಲ ರೋಮಾದ ಕ್ರೈಸ್ತರಿಗೆ ಬರೆದ. ಕ್ಷಮೆ ನಮಗೆ ಬಿಟ್ಟಿ ಸಿಗಬಹುದು. ಕೊಡುವವನಿಗೆ ಬಿಟ್ಟಿಯಲ್ಲ.

ಇನ್ನೊಂದು ಮಾತು. ಕ್ಷಮಿಸುವುದೆಂದರೆ ಏನೂ ಆಗಿಲ್ಲ ಎಂದುಕೊಳ್ಳುವುದು ಎನ್ನುವವರನ್ನು ನಾನು ಒಪ್ಪುವುದಿಲ್ಲ. ನೊಂದವರ ಬಾಯಿ ಮುಚ್ಚಿಸಲು ಈ ಮಾತು ತುಂಬಾ ಅನುಕೂಲ. ಊರೀಯನೆಂಬ ಸೈನಿಕನ ಹೆಂಡತಿಯನ್ನು ಕೂಡಿ, ಆಮೇಲೆ ಅವನನ್ನು ಕೊಲ್ಲಿಸಿದ ರಾಜ ದಾವೀದನಿಗೆ ಕ್ಷಮೆ ಸಿಕ್ಕಿತು. ಆದರೂ ಅವನ ಮನೆಯೊಳಗಿನ ಕತ್ತಿ ಕೆಳಗಿಳಿಯಲಿಲ್ಲ, ಮನೆಯವರೊಳಗೇ ರಕ್ತ ಹರಿಯಿತು.

ಯೇಸುವಿನ ಶಿಷ್ಯ ಪೇತ್ರನಿಗೂ ಸುಲಭವಾಗಲಿಲ್ಲ. ಯೇಸು ಸೆರೆಯಾದ ರಾತ್ರಿ, ಅವನು ಯಾರೆಂದೇ ಗೊತ್ತಿಲ್ಲ ಎಂದು ಮೂರು ಸಲ ಹೇಳಿದ್ದ. ಸತ್ತು ಮತ್ತೆ ಎದ್ದುಬಂದ ಯೇಸು ಅವನನ್ನು ಬೈಯಲಿಲ್ಲ, ಸುಮ್ನೆ ಬಿಡಲೂ ಇಲ್ಲ. "ನನ್ನನ್ನು ಪ್ರೀತಿಸುತ್ತೀಯಾ?" ಎಂದು ಮೂರು ಸಲ ಕೇಳಿದ. ಮೂರನೇ ಸಲಕ್ಕೆ ಪೇತ್ರನಿಗೆ ದುಃಖವಾಯಿತೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಇದ್ದಲ ಬೆಂಕಿಯ ಮುಂದೆ ಯೇಸುವನ್ನು ಕೈಬಿಟ್ಟವನಿಗೆ ಇನ್ನೊಂದು ಇದ್ದಲ ಬೆಂಕಿಯ ಹತ್ತಿರ, ಉಳಿದ ಶಿಷ್ಯರೂ ಇರುವಾಗಲೇ, ಕುರಿ ಕಾಯುವ, ಅಂದರೆ ಯೇಸುವಿನ ಜನರನ್ನು ನೋಡಿಕೊಳ್ಳುವ, ಕೆಲಸ ಸಿಕ್ಕಿತು.