ಹಾಲಿನ ಕ್ಯಾನಿನ ಹುಡುಗನಿಗೆ, ಮತ್ತೆ ಉಳಿದವರಿಗೆ

ಓಮ್ನಿಯ ಕೀ ಮಗನ ಕೈಗೆ ಕೊಟ್ಟು ಈ ದೀಪಾವಳಿಗೆ ಒಂದು ವರ್ಷವಾಯಿತು. ತೀರ್ಥಹಳ್ಳಿ ಪೇಟೆಯಲ್ಲಿ ಸಿಕ್ಕಿದವರೆಲ್ಲ "ಗಾಡಿ ಎಲ್ಲಿ, ಮಾರಿದ್ರಾ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೇ ಬರೆಯುತ್ತಿದ್ದೇನೆ. ಹೇಳಬೇಕಾದ ಥ್ಯಾಂಕ್ಸೂ ಸುಮಾರು ಬಾಕಿ ಇದೆ.

ಮೊದಲನೆಯದು ಡೈರಿಗೆ ಹಾಲು ಹಾಕಲು ಹೊರಟಿದ್ದ ಆ ಹುಡುಗನಿಗೆ. ಮುಸ್ಸಂಜೆ. ಮಂಡಿಯಿಂದ ಖಾಲಿ ಚೀಲ ಹಾಕಿಕೊಂಡು ಬರುತ್ತಿದ್ದೆ. ರಸ್ತೆ ನೇರ, ಎದುರಿಗೆ ಒಂದು ಗಾಡಿಯಿಲ್ಲ. ಪಕ್ಕದಲ್ಲಿದ್ದ ನನ್ನ ಹೆಂಡತಿ "ಸೈಕಲ್ಲು, ಸೈಕಲ್ಲು" ಎಂದು ಕೂಗಿ ಸ್ಟೇರಿಂಗಿಗೇ ಕೈ ಹಾಕಿದಳು. ನನಗೆ ಯಾವ ಸೈಕಲ್ಲೂ ಕಂಡಿರಲಿಲ್ಲ. ಇಳಿದು ನೋಡಿದರೆ ಹುಡುಗ ಚರಂಡಿಯಲ್ಲಿ; ಕ್ಯಾನು ಮಗುಚಿ ಹಾಲೆಲ್ಲ ಕೆಂಪು ಮಣ್ಣಿಗೆ ಇಳಿಯುತ್ತಿತ್ತು. ಮೊಣಕೈ ತರಚಿದ್ದು ಬಿಟ್ಟರೆ ಅವನಿಗೇನೂ ಆಗಲಿಲ್ಲ. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ, ಅವನು "ಅಜ್ಜಯ್ಯ, ನಾನು ಬೆಲ್ ಹೊಡೀಬೇಕಿತ್ತು" ಅಂದ. ತಪ್ಪು ನಿನ್ನದಲ್ಲ ಮಾರಾಯ. ಅವತ್ತು ಹಾಲಿನ ದುಡ್ಡು ಕೊಟ್ಟೆ, ಈ ಮಾತು ಹೇಳಲು ಬಾಯಿ ಬರಲಿಲ್ಲ.

ಎರಡನೆಯದು ಸೊಸೆಗೆ. "ಮಾವ, ದಣಪೆಗೆ ತಾಗಿದ್ದೂ ಎಡಕ್ಕೆ, ಕೊಟ್ಟಿಗೆ ಕಂಬಕ್ಕೆ ತಾಗಿದ್ದೂ ಎಡಕ್ಕೆ, ಈಗ ಇದೂ ಎಡಕ್ಕೇ" ಅಂತ ಲೆಕ್ಕ ಹಿಡಿದವಳು ಅವಳು. ನನಗೆ ಸಿಟ್ಟು ಬಂತು. ರಾತ್ರಿ ಎದುರು ಗಾಡಿಯ ಲೈಟು ಒಡೆದು ಚೆಲ್ಲಿದಂತೆ ಕಾಣುತ್ತಿದ್ದದ್ದು ನಿಜ. ಪೊರೆ ಬಂದಿರಬೇಕು, ತೆಗೆಸಿದರಾಯಿತು ಅಂತಿದ್ದೆ. ನಮ್ಮ ಅಜ್ಜಿಗೆ ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಬಾಟಲಿ ತಳದಂಥ ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದಳು. ಅದಕ್ಕಿಂತ ಹೆಚ್ಚಿನದೇನು ಇರುತ್ತದೆ?

ಲೈಸೆನ್ಸ್ ಬೇರೆ ಇತ್ತಲ್ಲ. 68ಕ್ಕೆ ರಿನ್ಯೂ ಮಾಡಿಸಿದ್ದೆ, ಐದು ವರ್ಷಕ್ಕೆ. ಮೆಡಿಕಲ್ ಸರ್ಟಿಫಿಕೇಟಿಗೆ ಸಹಿ ಹಾಕಿದವರು ತಲೆಯೆತ್ತಿ ನನ್ನ ಮುಖ ನೋಡಿರಲಿಲ್ಲ. ನೋಡಿದ್ದರೂ ಪಾಸೇ ಆಗುತ್ತಿದ್ದೆ ಅನ್ನಿ. ಒಳ್ಳೆ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದಾ, ಕೆಂಪು ಹಸಿರು ಗೊತ್ತಾಗುತ್ತದಾ ಎಂದು ಆ ಫಾರಂ ಕೇಳುತ್ತದೆ. ನೇರ ಇದ್ದದ್ದು ನನಗೆ ಇವತ್ತಿಗೂ ಕಾಣುತ್ತದೆ.

ಮೂರನೆಯದು ಶಿವಮೊಗ್ಗದ ಕಣ್ಣಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ಹುಡುಗಿಗೆ. ಕತ್ತಲೆ ಕೋಣೆ, ಬಿಳಿ ಬಟ್ಟಲಿನಂಥ ಮಿಶಿನ್ನು. ಒಂದು ಕಣ್ಣು ಮುಚ್ಚಿ, ಗಲ್ಲ ಊರಿ, ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದೆ, ಒತ್ತಿದೆ. ಆಮೇಲೆ ಬೆಳಕೇ ಇಲ್ಲ. ಕಾದು ಕಾದು "ಕರೆಂಟ್ ಹೋಯ್ತೇನಮ್ಮಾ?" ಎಂದೆ. ಅವಳು ಮೆಲ್ಲಗೆ "ಇಲ್ಲ ಅಂಕಲ್, ಲೈಟ್ ಬರ್ತಾನೇ ಇದೆ. ನೀವು ಒತ್ತುತ್ತಾ ಇಲ್ಲ" ಅಂದಳು.

ಗ್ಲಾಕೋಮಾ. ನೋವಿಲ್ಲ, ಉರಿಯಿಲ್ಲ, ಕಣ್ಣಿನ ನರ ಒಣಗುತ್ತಾ, ನೋಟ ಅಂಚಿನಿಂದ ಹೋಗುತ್ತಾ ಬಂದಿತ್ತು. ಹಾಗಾದರೆ ಕಪ್ಪು ಕಾಣಬೇಕಿತ್ತಲ್ಲ ಎಂದೆ. ಡಾಕ್ಟರು ವಿವರಿಸಿದರು: ಕಾಣದ ಜಾಗವನ್ನು ಮಿದುಳು ಸುತ್ತಲಿನದನ್ನೇ ಎಳೆದು ತುಂಬಿಬಿಡುತ್ತದಂತೆ. ಅಂದರೆ ಅವತ್ತು ಸೈಕಲ್ಲಿದ್ದ ಕಡೆ ನನ್ನ ತಲೆ ಖಾಲಿ ರಸ್ತೆ ಇಟ್ಟಿತ್ತು. ಪೊರೆಯೂ ಇತ್ತು, ತೆಗೆದರು. ಲೈಟು ಚೆಲ್ಲುವುದು ನಿಂತಿತು. ಆದರೆ ಅಂಚು ಬರಲಿಲ್ಲ, ಬರುವುದೂ ಇಲ್ಲ. ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ: ಕೊಳೆ ರೋಗದಿಂದ ಉದುರಿದ ಕಾಯಿ ಗೊನೆಗೆ ವಾಪಸ್ ಹತ್ತುವುದಿಲ್ಲ, ಬೋರ್ಡೋ ಔಷಧಿ ಹೊಡೆಯುವುದು ಉಳಿದದ್ದಕ್ಕೆ. ರಾತ್ರಿ ಮಲಗುವಾಗ ಕಣ್ಣಿಗೆ ಬಿಡುವ ಹನಿಯೂ ಅಷ್ಟೇ.

ಗಾಡಿ ಬಿಡಿ ಅಂತ ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ. ಕಾಣದ ಜಾಗವೆಲ್ಲ ಕಪ್ಪು ಬಿದ್ದ ಆ ಪರೀಕ್ಷೆಯ ಕಾಗದ ನನ್ನ ಕಡೆ ತಿರುಗಿಸಿ, "ಇಂಥ ಕಣ್ಣಿನವರು ಬಂದರೆ ನೀವು ಡ್ರೈವರ್ ಕೆಲಸಕ್ಕೆ ಇಟ್ಕೊಳ್ತಿದ್ರಾ?" ಎಂದರು, ಅಷ್ಟೇ. ಅವರಿಗೂ ನಮಸ್ಕಾರ. ಒಡಹುಟ್ಟಿದವರಿಗೂ ಬರುವ ಸಂಭವ ಜಾಸ್ತಿ ಎಂದು ಒತ್ತಾಯ ಮಾಡಿ ನನ್ನ ತಮ್ಮನನ್ನು ಕರೆಸಿದ್ದೂ ಅವರೇ. ಅವನ ರೋಗ ಬೇಗ ಪತ್ತೆಯಾಯಿತು; ಅವನು ಇನ್ನೂ ಗಾಡಿ ಓಡಿಸುತ್ತಾನೆ. ಹೊಟ್ಟೆಕಿಚ್ಚು ಇಲ್ಲ ಅಂದರೆ ಸುಳ್ಳಾದೀತು.

ಸಂತೆಗೆ ಕರೆದುಕೊಂಡು ಹೋಗುವ ಆಟೋದವನಿಗೆ, ಮೆಟ್ಟಿಲು ಹತ್ತುವ ತನಕ ಸೀಟಿ ಊದದ ಕಂಡಕ್ಟರಿಗೆ ಕೂಡ ಋಣಿ. ಸರ್ಕಾರಿ ಬಸ್ಸು ಸಿಕ್ಕಿದ ದಿನ ಹೆಂಡತಿಗೆ ಸೊನ್ನೆ ಟಿಕೆಟು, ನನಗೆ ಹಿರಿಯರ ರಿಯಾಯಿತಿ ಕಾಲು ಭಾಗ. ಅದನ್ನವಳು ಪ್ರತಿ ಸಲವೂ ನೆನಪಿಸುತ್ತಾಳೆ.

ಕೊನೆಯದು ಅವಳಿಗೇ. "ಎಡಕ್ಕೆ ದನ", "ಎಡಕ್ಕೆ ಮೋರಿ" ಅಂತ ಎಷ್ಟು ವರ್ಷದಿಂದ ಹೇಳುತ್ತಿದ್ದಳೋ, ನಾನು "ಗಾಡಿ ಓಡಿಸೋದು ನಾನಾ ನೀನಾ" ಅಂತ ಗದರುತ್ತಿದ್ದೆ. ಈಗ ಓಮ್ನಿ ಮಗ ಓಡಿಸುತ್ತಾನೆ, ನಾನು ಪಕ್ಕದಲ್ಲಿ, ಅವಳು ಹಿಂದಿನ ಸೀಟಿನಲ್ಲಿ. ಈಗಲೂ "ಸೈಕಲ್ಲು" ಎಂದು ಕೂಗುತ್ತಾಳೆ. "ಕಾಣ್ತದೆ ಅಮ್ಮ" ಅಂತ ಅವನು ರೇಗುತ್ತಾನೆ. ರೇಗಬೇಡ ಅಂದಿದ್ದೇನೆ.