ಟಾರ್ಜನ್ ಅಕ್ಷರ ಬಲ್ಲವನು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಟಾರ್ಜನ್‌ನನ್ನು ಮಾತು ಬಾರದ ಕಾಡುಮನುಷ್ಯನೆಂದು ಪರಿಚಯಿಸಿರುವುದನ್ನು ಕಂಡು ಬೇಸರವಾಯಿತು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ನನಗೆ ಈ ಪಾತ್ರದ ಮೇಲೆ ಮಮತೆ ಹುಟ್ಟಿದ್ದೇ ಆತ ಓದು ಕಲಿತ ಬಗೆಯಿಂದ. ಎಡ್ಗರ್ ರೈಸ್ ಬರೋಸ್ 1912ರಲ್ಲಿ ಪ್ರಕಟಿಸಿದ ಮೂಲ ಕಥೆಯಲ್ಲಿ, ವಾನರರ ನಡುವೆ ಬೆಳೆದ ಅನಾಥ ಬಾಲಕನು ತೀರಿಹೋದ ತಂದೆತಾಯಿಯರ ಗುಡಿಸಲಿನಲ್ಲಿ ಉಳಿದಿದ್ದ ಚಿತ್ರಪುಸ್ತಕಗಳನ್ನು ಮತ್ತೆ ಮತ್ತೆ ತಿರುವಿಹಾಕುತ್ತ, ಪುಟದ ತುಂಬ ಹುಳುಗಳಂತೆ ಕಾಣುವ ಅಕ್ಷರಗಳಿಗೂ ಪಕ್ಕದ ಚಿತ್ರಗಳಿಗೂ ಇರುವ ನಂಟನ್ನು ಗುರುವಿಲ್ಲದೆ ತಾನೇ ಕಂಡುಕೊಳ್ಳುತ್ತಾನೆ. ಮನುಷ್ಯರ ಒಂದು ಮಾತನ್ನೂ ಆಡಲು ಬಾರದ ಹೊತ್ತಿಗೇ ಅವನಿಗೆ ಇಂಗ್ಲಿಷ್ ಓದಲು ಬರೆಯಲು ಬರುತ್ತಿತ್ತು. ಆಮೇಲೆ ಆಡಲು ಕಲಿತ ಮೊದಲ ಭಾಷೆ ಫ್ರೆಂಚ್; ಕಲಿಸಿದವನು ಅವನೇ ಜೀವ ಉಳಿಸಿದ ನೌಕಾಪಡೆಯ ಅಧಿಕಾರಿ.

ತೊದಲು ಮಾತಿನ ಟಾರ್ಜನ್ ಸಿನಿಮಾದ ಸೃಷ್ಟಿ. ಒಲಿಂಪಿಕ್ ಈಜುಗಾರ ಜಾನಿ ವೈಸ್‌ಮುಲ್ಲರ್ 1932ರಿಂದ 1948ರವರೆಗೆ 12 ಚಿತ್ರಗಳಲ್ಲಿ ಆ ರೂಪವನ್ನು ಜನಮನದಲ್ಲಿ ನೆಲೆಗೊಳಿಸಿದರು.

ಅದನ್ನು ತಿದ್ದಿದ ಕೆಲಸಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರಿಂದ 1968ರವರೆಗೆ 57 ಕಂತುಗಳಲ್ಲಿ ಪ್ರಸಾರವಾದ ಧಾರಾವಾಹಿಗೆ. ಅದರ ನಿರ್ಮಾಪಕ ಸೈ ವೈನ್‌ಟ್ರಾಬ್ 1959ರ ಚಲನಚಿತ್ರದಲ್ಲಿಯೇ ಟಾರ್ಜನ್‌ಗೆ ಪೂರ್ಣ ವಾಕ್ಯಗಳನ್ನು ಕೊಟ್ಟಿದ್ದರು. ಆದರೆ ವಾರವಾರವೂ ಮನೆಮನೆಗೆ ಬಂದ ಟಾರ್ಜನ್ ಎಂದರೆ ಈ ಧಾರಾವಾಹಿಯ ನಟ ರಾನ್ ಈಲಿ. ನಾಗರಿಕ ಸಮಾಜದಲ್ಲಿ ವಿದ್ಯೆ ಕಲಿತು, ಅಲ್ಲಿ ಮನಸ್ಸು ನಿಲ್ಲದೆ ಕಾಡಿಗೆ ಮರಳಿದ ಈ ಟಾರ್ಜನ್ ಯೋಚಿಸುತ್ತಾನೆ, ವಾದಿಸುತ್ತಾನೆ, ಜೈ ಎಂಬ ಅನಾಥ ಹುಡುಗನನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾನೆ. ಸಾಹಸ ದೃಶ್ಯಗಳನ್ನು ತಾವೇ ಮಾಡಿದ ಈಲಿ ಬಳ್ಳಿಯಿಂದ ಬಿದ್ದು, ಸಿಂಹದಿಂದ ಕಚ್ಚಿಸಿಕೊಂಡು, ಗಾಯಗಳ ನಡುವೆಯೇ ದುಡಿದರು. 2024ರಲ್ಲಿ ಅವರು ತೀರಿಕೊಂಡರು.

ಧಾರಾವಾಹಿಯ ದೊಡ್ಡ ಕೊರತೆಯನ್ನೂ ಹೇಳಲೇಬೇಕು. ಆಫ್ರಿಕಾದ ಈ ಕಥೆಯನ್ನು ಮೊದಲು ಬ್ರೆಜಿಲ್‌ನಲ್ಲಿ, ನಂತರ ಮೆಕ್ಸಿಕೋದಲ್ಲಿ ಚಿತ್ರಿಸಿದರು. ಬರೋಸ್ ಅವರೂ ಆಫ್ರಿಕಾವನ್ನು ಕಂಡವರಲ್ಲ. ಆ ನೆಲದ ಜನರನ್ನು ಬದಿಗಿಟ್ಟು ಬಿಳಿಯನೊಬ್ಬನನ್ನು ಅವರ ರಕ್ಷಕನನ್ನಾಗಿ ನಿಲ್ಲಿಸುವ ದೋಷ ಮೂಲದಿಂದಲೇ ಬಂದದ್ದು, ಮಾತು ಮರಳಿ ಕೊಟ್ಟ ಮಾತ್ರಕ್ಕೆ ಅದು ಕಳೆಯಲಿಲ್ಲ. ಮಕ್ಕಳಿಗೆ ಇದನ್ನೂ ಅವರ ವಯಸ್ಸಿಗೆ ತಕ್ಕಂತೆ ತಿಳಿಸಬಹುದು.

ಮುಂದಿನ ವಾರದ ಪುಟದಲ್ಲಿ ದಯವಿಟ್ಟು ಆ ಗುಡಿಸಲಿನ ಪ್ರಸಂಗವನ್ನು, ಒಂಟಿ ಹುಡುಗನೊಬ್ಬ ಪುಸ್ತಕದ ಮೇಲೆ ಬಾಗಿ ಕುಳಿತ ಚಿತ್ರದೊಂದಿಗೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಶಿಕ್ಷಕ, ಶಿವಮೊಗ್ಗ