ಹಿತ್ತಲ ಲೋಟ, ಕುಂಡಿಕೆಯ ನೀರು

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡದೆ, ಊಟ ಆಯ್ತಾ ಎಂದು ಮಾತು ಬದಲಿಸಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಅವ್ವ, ಅಜ್ಜಿಯ ಬಾಯಿಗೆ ಬಿಟ್ಟ ತೀರ್ಥಕ್ಕೂ ನಮ್ಮ ಬಾವಿ ನೀರಿಗೂ ಏನು ವ್ಯತ್ಯಾಸ? ನಿಜ ಹೇಳು, ನೀನು ದೇವರನ್ನು ನಂಬ್ತೀಯಾ?" ಎಂದೆಯಲ್ಲ. ಈ ಸಲ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ, ಕಾವೇರಿ ಹುಟ್ಟುವ ಆ ಪುಟ್ಟ ಕೊಳ ಕುಂಡಿಕೆಯ ಬಳಿಗೆ, ಬರುವುದಿಲ್ಲ ಎಂದೂ ನೀನು ಹೇಳಿದೆ. ಬರದಿದ್ದರೆ ಬೇಸರವಿಲ್ಲ. ಪ್ರಶ್ನೆ ಮಾತ್ರ ಹಾಗೇ ಉಳಿಯಬಾರದು.

ನಂಬದಿರುವುದನ್ನು ಮೊದಲು ಹೇಳಿಬಿಡುತ್ತೇನೆ. 2018ರ ಆಗಸ್ಟಿನಲ್ಲಿ ನಿನಗೆ ಹತ್ತು ವರ್ಷ. ಗುಡ್ಡ ಜಾರಿದಾಗ ನಮ್ಮ ಮನೆ ಉಳಿಯಿತು, ಕೆಳಗಿನ ಮನೆ ಹೋಯಿತು. ನೋಡಲು ಬಂದವರೆಲ್ಲ "ದೇವರು ನಿಮ್ಮನ್ನು ಕಾಪಾಡಿದ" ಎಂದರು. ಆ ಮಾತು ನನ್ನ ಗಂಟಲಿಗಿಳಿಯಲೇ ಇಲ್ಲ. ನಮ್ಮನ್ನು ಕಾಪಾಡಿದವನು ಕೆಳಮನೆಯವರನ್ನು ಯಾಕೆ ಬಿಟ್ಟ? 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲೇ ಗುಡ್ಡ ಕುಸಿದು, ಅಲ್ಲಿ ಪೂಜೆ ಮಾಡುತ್ತಿದ್ದ ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು. ಗುಡ್ಡ ಯಾರ ಭಕ್ತಿಯನ್ನೂ ಅಳೆಯುವುದಿಲ್ಲ. ಎಡೆಬಿಡದ ಮಳೆಗೆ ಮಣ್ಣು ನೀರು ಕುಡಿದು ಭಾರವಾಗಿತ್ತು. ರಸ್ತೆಗೆಂದು, ಮನೆಗೆಂದು ಇಳಿಜಾರಿನ ಬುಡ ಕಡಿದವರು ನಾವೇ. ಅದನ್ನು ದೇವರ ತಲೆಗೆ ಕಟ್ಟುವುದು ಸತ್ತವರಿಗೆ ಮಾಡುವ ಅನ್ಯಾಯ.

ಇನ್ನು ನಂಬುವುದು. ಅದೂ ಅದೇ ವಾರದ್ದು.

ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿದ್ದೆವು, ನೆನಪಿದೆಯಾ? ಕರೆಂಟ್ ಇರಲಿಲ್ಲ. ಒದ್ದೆ ಬಟ್ಟೆಯ ವಾಸನೆ, ಶೀಟಿನ ಮೇಲೆ ಮಳೆಯ ಸದ್ದು. ನಡುರಾತ್ರಿ ಪಕ್ಕದಲ್ಲಿ ನಿದ್ದೆಗಣ್ಣಿನ ಬಿಕ್ಕು ಕೇಳಿತು. ನೀನೇ ಎಂದುಕೊಂಡು ಕತ್ತಲಲ್ಲೇ ಎಳೆದು ಎದೆಗೊತ್ತಿಕೊಂಡೆ. ತಲೆ ಸವರಿದೆ, ಬೆನ್ನು ತಟ್ಟಿದೆ. ಮೆಲ್ಲಗೆ ಬಿಕ್ಕು ನಿಂತಿತು, ನನ್ನ ಕುತ್ತಿಗೆಯ ಮೇಲೆ ಬಿಸಿ ಉಸಿರು ಬೀಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಯಾರೋ ಟಾರ್ಚ್ ಹಾಕಿಕೊಂಡು ದಾಟಿ ಹೋದರು. ನನ್ನ ತೋಳಲ್ಲಿದ್ದದ್ದು ನಮ್ಮ ತೋಟದ ಕೆಲಸದವರ ಲೈನ್ ಮನೆಯ ದೊಡ್ಡಕ್ಕನ ಮೊಮ್ಮಗಳು. ನೀನು ಆ ಕಡೆ ದೊಡ್ಡಕ್ಕನ ಸೆರಗಿನೊಳಗೆ ಮುಖ ಹುದುಗಿಸಿ ಮಲಗಿದ್ದೆ.

ಟಾರ್ಚಿನ ಬೆಳಕು ಬೀಳುವ ಮುಂಚಿನ ಆ ಹೊತ್ತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೋ. ಆಗ ನನ್ನ ಮಗು, ಅವರ ಮಗು ಎಂಬುದಿರಲಿಲ್ಲ. ಪ್ರೀತಿ ಇತ್ತು, ಅದಕ್ಕೆ ಯಜಮಾನರಿರಲಿಲ್ಲ. ದೇವರು ಎಂಬ ಶಬ್ದಕ್ಕೆ ನನ್ನ ಹತ್ತಿರ ಇರುವ ಅರ್ಥ ಇಷ್ಟೇ.

ಬೆಳಕು ಬಿದ್ದ ಕೂಡಲೇ ನನಗೆ ನೆನಪಾದದ್ದು ಲೋಟ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೋರಲು ಬಿದ್ದಿರುತ್ತಿದ್ದ ಅಲ್ಯೂಮಿನಿಯಂ ಲೋಟ. ಅಂಚು ನೆಗ್ಗಿತ್ತು, ತಳದಲ್ಲಿ ಕಾಫಿಯ ಕಪ್ಪು ಕಲೆ. ದೊಡ್ಡಕ್ಕನಿಗೆ ಕಾಫಿ ಅದರಲ್ಲೇ, ಅದೂ ಮೇಲಿನಿಂದ ಸುರಿದು. ಕುಡಿದು, ತೊಳೆದು, ಅವರೇ ಬೋರಲು ಹಾಕಬೇಕು. ನಾನು ಸೊಸೆಯಾಗಿ ಬಂದಾಗಲೇ ಅದಿತ್ತು. ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಆ ವರ್ಷಗಳಲ್ಲೂ ನಾನು ಬೆಳಿಗ್ಗೆ ದೀಪ ಹಚ್ಚಿ ಉಪನಿಷತ್ತು ಓದುತ್ತಿದ್ದವಳು. ಛಾಂದೋಗ್ಯದ ಆರನೇ ಅಧ್ಯಾಯ ನನಗೆ ತುಂಬ ಇಷ್ಟ, ಅಪ್ಪನೊಬ್ಬ ಮಗನಿಗೆ ಹೇಳುವ ಮಾತು ಅದು. ಶ್ವೇತಕೇತು ಹನ್ನೆರಡನೇ ವಯಸ್ಸಿಗೆ ಓದಲು ಹೋಗಿ, ಇಪ್ಪತ್ತನಾಲ್ಕಕ್ಕೆ ಎಲ್ಲ ಬಲ್ಲೆ ಎಂಬ ಹಮ್ಮಿನಲ್ಲಿ ಮನೆಗೆ ಬರುತ್ತಾನೆ. ಅಪ್ಪ ಉದ್ದಾಲಕ ರಾತ್ರಿ ನೀರಿಗೆ ಉಪ್ಪು ಹಾಕಿಸಿ, ಬೆಳಿಗ್ಗೆ ಆ ಉಪ್ಪನ್ನು ತೆಗೆದುಕೊಡು ಎನ್ನುತ್ತಾನೆ. ಸಿಗುವುದಿಲ್ಲ. ಮೇಲಿನಿಂದ ಕುಡಿದು ನೋಡು, ನಡುವಿನಿಂದ ನೋಡು, ತಳದಿಂದ ನೋಡು. ಎಲ್ಲೆಡೆಯೂ ಉಪ್ಪೇ. ಕಣ್ಣಿಗೆ ಕಾಣದ ಇದರಂತೆಯೇ ಇರುವಿಕೆಯೆಲ್ಲ ತುಂಬಿದ ಸತ್ಯವೊಂದಿದೆ, ಅದೇ ನೀನು, ತತ್ತ್ವಮಸಿ. ಆ ಅಧ್ಯಾಯದಲ್ಲಿ ಈ ಮಾತು ಒಂಬತ್ತು ಸಲ ಬರುತ್ತದೆ. ಒಂಬತ್ತೂ ಸಲ ಓದಿ, ಪುಸ್ತಕ ಮುಚ್ಚಿ, ಹಿತ್ತಲಿಗೆ ಹೋಗಿ ಆ ಲೋಟಕ್ಕೆ ಕಾಫಿ ಸುರಿಯುತ್ತಿದ್ದೆ ನಾನು. ಅದೇ ನೀನು ಎಂಬುದರಲ್ಲಿ ದೊಡ್ಡಕ್ಕ ಸೇರಿರಲಿಲ್ಲ.

ಕೇಂದ್ರದಿಂದ ಮನೆಗೆ ಬಂದ ದಿನವೇ ಲೋಟವನ್ನು ಗುಂಡಿಗೆ ಎಸೆದೆ. ಆದರೆ ದೊಡ್ಡಕ್ಕ ಅಡುಗೆಮನೆಯೊಳಗೆ ಬಂದು ಮಣೆಯ ಮೇಲೆ ಕೂರಲು ಆರು ತಿಂಗಳು ಬೇಕಾಯಿತು. ತಪ್ಪು ಮಾಡಿದವಳು ನಾನು, ಸಂಕೋಚ ಅವರಿಗೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ದೇವರ ಅನುಭವ ಎಂಬ ಮಾತಿನಲ್ಲಿ ಒಂದು ಮೋಸ ಇದೆ. ಕಾಫಿ ಹೂವರಳಿಸುವ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದಲ್ಲ, ಒಂದು ವರ್ಷ ಅಂಥ ಬೆಳಿಗ್ಗೆ ನಾನೊಬ್ಬಳೇ ಗಿಡಗಳ ನಡುವೆ ನಿಂತಿದ್ದೆ. ಜೇನಿನ ಝೇಂಕಾರ, ಮಲ್ಲಿಗೆಯಂಥ ಆ ಪರಿಮಳ. ನೋಡುತ್ತಾ ನೋಡುತ್ತಾ ನೋಡುವವಳೇ ಇಲ್ಲವಾದಳು. ಪರಿಮಳ ಇತ್ತು, ಅದನ್ನು ಮೂಸುವ ನಾನು ಇರಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಆಮೇಲೆ ಗೊತ್ತಾಯಿತು. ಆ ಗಳಿಗೆ ಸುಳ್ಳಲ್ಲ, ಇವತ್ತಿಗೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಆದರೆ ಅಲ್ಲಿಂದ ಮನೆಗೆ ಬಂದ ಅರ್ಧ ಗಂಟೆಯಲ್ಲೇ, ಕೆಲಸಕ್ಕೆ ತಡವಾಯಿತೆಂದು ದೊಡ್ಡಕ್ಕನ ಮೇಲೆ ಕೂಗಾಡಿದೆ. ಹೂವಿನ ಮುಂದೆ ಕರಗುವುದು ಸುಲಭ ಮಗಳೇ. ಹೂವು ನಮ್ಮಿಂದ ಕೂಲಿ ಕೇಳುವುದಿಲ್ಲ.

ನಿನ್ನ ಅಜ್ಜಿ ಒಂದು ಪುಸ್ತಕವನ್ನೂ ಓದಿದವರಲ್ಲ. ನಮ್ಮ ಕೊಡಗಿನ ದೇವರು ಇಗ್ಗುತ್ತಪ್ಪನಿಗೂ ಹರಕೆ, ಎಮ್ಮೆಮಾಡಿನ ಸೂಫಿ ಸಂತರ ದರ್ಗಾಕ್ಕೂ ಹರಕೆ. ಅಲ್ಲಿಗೆ ಯಾಕೆ ಎಂದರೆ "ಅಲ್ಲಿ ಮಲಗಿದವರೂ ದೇವರನ್ನು ಹುಡುಕಿದವರೇ" ಎನ್ನುತ್ತಿದ್ದರು. ಸೂಫಿಗಳಲ್ಲಿ ಮನ್ಸೂರ್ ಹಲ್ಲಾಜ್ ಎಂಬವರಿದ್ದರು. "ನಾನೇ ಸತ್ಯ" ಎಂಬ ಅವರ ಮಾತು ಇಂದಿಗೂ ಪ್ರಸಿದ್ಧ. 922ರಲ್ಲಿ ಬಾಗ್ದಾದಿನಲ್ಲಿ ಅವರನ್ನು ಕೊಂದರು. ಉದ್ದಾಲಕ ಮಗನಿಗೆ "ಅದೇ ನೀನು" ಎಂದದ್ದಕ್ಕೂ ಇದಕ್ಕೂ ಎಷ್ಟು ದೂರ? ಅಲ್ಲಿ "ನಾನು" ಎಂದವರ ಬಾಯಲ್ಲಿ ಪುಟ್ಟ ನಾನು ಉಳಿದಿರಲಿಲ್ಲ ಎಂದೇ ನನ್ನ ಎಣಿಕೆ.

ಈಗ ತೀರ್ಥದ ಮಾತು. ಕಕ್ಕಡ ತಿಂಗಳಲ್ಲಿ ಅಜ್ಜಿ ತೀರಿಕೊಂಡ ಆ ಮಧ್ಯಾಹ್ನ ನೀನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಹಾಗಾಗಿ ನಿನಗೆ ಇದು ಗೊತ್ತಿಲ್ಲ. ಉಸಿರು ಎಳೆಯಲು ಶುರುವಾದಾಗ ನಾನು ದೇವರ ಕೋಣೆಯಿಂದ ಕುಂಡಿಕೆಯ ತೀರ್ಥದ ಸೀಸೆ ತಂದೆ. ಅಜ್ಜಿ ತಲೆ ಅಲ್ಲಾಡಿಸಿ, ಬಾಗಿಲ ಬಳಿ ನಿಂತಿದ್ದ ದೊಡ್ಡಕ್ಕನ ಕಡೆ ಕಣ್ಣು ತಿರುಗಿಸಿದರು. ಎರಡು ವರ್ಷ ಅವರ ಮೈ ಒರೆಸಿ, ಮಗ್ಗುಲು ತಿರುಗಿಸಿದ ಕೈ ಅದು. ದೊಡ್ಡಕ್ಕ ನನ್ನ ಮುಖ ನೋಡಿದರು. ನಾನು ಸೀಸೆ ಕೊಟ್ಟೆ. ಅವರ ಬೆರಳು ನಡುಗುತ್ತಿತ್ತು, ಮೊದಲ ಹನಿ ಗಲ್ಲದ ಮೇಲೆ ಬಿತ್ತು. ಎರಡನೆಯದಕ್ಕೆ ಅಜ್ಜಿ ಬಾಯಿ ತೆರೆದರು. ಹಿಂದೊಮ್ಮೆ ಆ ಲೋಟವನ್ನು ನನಗೆ ತೋರಿಸಿಕೊಟ್ಟವರು ಅದೇ ಅಜ್ಜಿ.

ಬಾವಿ ನೀರಾಗಿದ್ದರೂ ನನಗೆ ಅದು ತೀರ್ಥವೇ ಆಗುತ್ತಿತ್ತು. ನೀನಲ್ಲಿ ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿದರೆ ಬರುವುದೂ ಕಾವೇರಿಯೇ. ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ತರುತ್ತಾರೆ. ನಿನ್ನ ರೂಮಿನ ನೆಲ ಒರೆಸುವ ಹೆಂಗಸಿಗೆ ಯಾವ ಲೋಟದಲ್ಲಿ ನೀರು ಕೊಡುತ್ತೀರಿ ಎಂದು ನಾನು ಕೇಳುವುದಿಲ್ಲ. ನೀನೇ ನೋಡಿಕೋ.

ಸಂಕ್ರಮಣಕ್ಕೆ ಜೀಪು ಹೇಳಿದ್ದೇನೆ. ಈ ಸಲ ದೊಡ್ಡಕ್ಕ, ಅವರ ಮೊಮ್ಮಗಳು ಇಬ್ಬರೂ ಬರುತ್ತಾರೆ. ಹುಟ್ಟಿದಂದಿನಿಂದ ಕೊಡಗಿನಲ್ಲೇ ಇದ್ದರೂ ದೊಡ್ಡಕ್ಕ ಕುಂಡಿಕೆಯನ್ನು ಒಮ್ಮೆಯೂ ನೋಡಿಲ್ಲವಂತೆ. ಯಾಕೆ ಎಂದು ಕೇಳಿದೆ. "ಯಾರೂ ಕರೀಲಿಲ್ಲ" ಎಂದರು.

ಜೀಪಿನಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ಬರುವುದಾದರೆ ಸ್ವೆಟರ್ ತಾ, ಬ್ರಹ್ಮಗಿರಿ ಬೆಟ್ಟದಲ್ಲಿ ಗಾಳಿ ಜೋರು.

ನಿನ್ನ
ಅವ್ವ